ನೇಟಾಲ್ ತೋಟಕ್ಕೆ ಹೋದ ವಿಧವೆಯ ಜಾಡು ಹಿಡಿಯುವ ಬಗೆ

ನಮ್ಮ ವಂಶಾವಳಿಗಳಲ್ಲಿ ಹೆಂಗಸರಿಗೆ ಇರುವ ಜಾಗ ಕಿರಿದು. ಇಂಥವರ ಮಗಳು, ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಗಂಡಸರ ಹೆಸರುಗಳ ನಡುವೆ ಅವಳನ್ನು ಸೇರಿಸಿರುತ್ತಾರೆ. ಗಂಡ ತೀರಿಕೊಂಡು ಅವಳು ಊರು ಬಿಟ್ಟಳೆಂದರೆ ಆ ಸಾಲು ಅಲ್ಲಿಗೇ ನಿಂತುಹೋಗುತ್ತದೆ. ಹೀಗಾಗಿ ದಕ್ಷಿಣ ಆಫ್ರಿಕದ ನೇಟಾಲ್‌ನ ಕಬ್ಬಿನ ತೋಟಗಳಿಗೆ ಕರಾರು ಕೂಲಿಯಾಗಿ ಹೋದ ಮುತ್ತಜ್ಜಿಯೊಬ್ಬಳ ಮೂಲ ಹುಡುಕಲು ಹೊರಟವರು ಮೊದಲು ಕೇಳುವುದು ಆಕೆಯ ಗಂಡ ಯಾರು, ಅವನ ಊರು ಯಾವುದು ಎಂದೇ. ಅದು ಗೊತ್ತಾಗದಿದ್ದರೆ ಹುಡುಕಾಟ ಮುಗಿಯಿತು ಎಂದುಕೊಳ್ಳುತ್ತಾರೆ. ನನ್ನ ವಾದ ಬೇರೆ. ನೇಟಾಲ್‌ಗೆ ಹೋದ ವಿಧವೆ ಕಾಗದಪತ್ರಗಳಲ್ಲಿ ಕಳೆದುಹೋದವಳಲ್ಲ. ಗಂಡನ ನೆರಳಿನಲ್ಲಿ ಬದುಕಿದ ಹೆಂಗಸಿಗಿಂತ ಹೆಚ್ಚು ಸಿಗುವವಳು ಅವಳೇ. ಅದಕ್ಕೆ ಕಾರಣ ಎರಡು. ಹಡಗು ಹತ್ತಿದ ಪ್ರತಿ ಹೆಂಗಸಿಗೂ ಅವಳದೇ ಆದ ಒಂದು ಸಂಖ್ಯೆ ಇತ್ತು, ಅದರ ಪಕ್ಕದಲ್ಲಿ ಅವಳ ತಂದೆಯ ಹೆಸರಿತ್ತು. ಎರಡನೆಯದಾಗಿ, ಗಂಡ ಸತ್ತ ಮೇಲೆ ಕೂಲಿ ಬಾಕಿ, ತಲೆಗಂದಾಯ, ಮಕ್ಕಳ ಪಾಲು, ಮರುಮದುವೆ ಎಂದು ಸರ್ಕಾರಿ ಕಚೇರಿಯ ಮುಂದೆ ಅವಳೇ ನಿಂತು ಮಾತಾಡಬೇಕಾಯಿತು, ಗುಮಾಸ್ತ ಅದನ್ನು ಬರೆದುಕೊಂಡ. ಹುಡುಕುವವರು ಗಂಡನ ಹೆಸರನ್ನು ಬುಡವೆಂದು ತಿಳಿಯುವುದನ್ನು ಬಿಟ್ಟು ಅವಳ ಸಂಖ್ಯೆಯನ್ನು ಬುಡವೆಂದು ತಿಳಿದರೆ ದಾರಿ ತೆರೆಯುತ್ತದೆ.

ಹಿನ್ನೆಲೆ ತಿಳಿದಿರಬೇಕು, ಏಕೆಂದರೆ ಅವಳು ಹೋದ ವರ್ಷ ಯಾವುದೆಂಬುದರ ಮೇಲೆ ಯಾವ ಕಡತ ಹುಡುಕಬೇಕೆಂಬುದು ನಿಲ್ಲುತ್ತದೆ. ಮದ್ರಾಸಿನಿಂದ ಹೊರಟ 'ಟ್ರೂರೊ' ಹಡಗು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಅಲ್ಲಿಂದ 1911ರವರೆಗೆ 1,52,184 ಮಂದಿ ಐದು ವರ್ಷದ ಕರಾರಿಗೆ ಒಳಪಟ್ಟು ನೇಟಾಲ್‌ಗೆ ಹೋದರು. ಸುಮಾರು ಮೂರನೇ ಎರಡು ಪಾಲು ಮದ್ರಾಸ್ ಬಂದರಿನಿಂದ, ಉಳಿದವರು ಕಲ್ಕತ್ತದಿಂದ. 1866ರಿಂದ 1874ರವರೆಗೆ ಸಾಗಣೆ ನಿಂತಿತ್ತು. ಅದು ಮತ್ತೆ ಶುರುವಾದ ಎರಡೇ ವರ್ಷಕ್ಕೆ ದಕ್ಷಿಣ ಭಾರತದ ಮೇಲೆ ಧಾತು ಈಶ್ವರ ಬರ ಬಿತ್ತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50,55,412 ಜನರಿದ್ದರು. 1881ರಲ್ಲಿ ಲೆಕ್ಕಕ್ಕೆ ಸಿಕ್ಕವರು 41,86,188. ಗಂಡ, ಅತ್ತೆ ಮಾವ, ದನಕರು ಎಲ್ಲವೂ ಹೋಗಿ ಗಂಜಿ ಕೇಂದ್ರಗಳ ಸುತ್ತ ಉಳಿದ ಹೆಂಗಸರು ಎಷ್ಟೆಂದು ಊಹಿಸಬಹುದು. ಇತ್ತ ವಸಾಹತು ಸರ್ಕಾರಗಳ ನಿಯಮ ನೂರು ಗಂಡಸರಿಗೆ ನಲವತ್ತು ಹೆಂಗಸರಾದರೂ ಹಡಗಿನಲ್ಲಿರಬೇಕು ಎಂಬ ಮಟ್ಟಕ್ಕೆ ಬಂದು ನಿಂತಿತ್ತು. ಸಂಸಾರವಂದಿಗರು ಸುಲಭಕ್ಕೆ ಸಮುದ್ರ ದಾಟುವುದಿಲ್ಲ. ಆ ಸಂಖ್ಯೆ ತುಂಬಿಸಬೇಕಿದ್ದ ದಲ್ಲಾಳಿಗಳಿಗೆ ಸಂತೆ, ಜಾತ್ರೆ, ಛತ್ರಗಳಲ್ಲಿ ದಿಕ್ಕಿಲ್ಲದೆ ನಿಂತ ವಿಧವೆಯರು, ಗಂಡ ಬಿಟ್ಟವರು ಕಣ್ಣಿಗೆ ಬಿದ್ದರು. ನೇಟಾಲ್‌ನ ಹಡಗು ಪಟ್ಟಿಗಳಲ್ಲಿ ತಮಿಳು, ತೆಲುಗು ಜಿಲ್ಲೆಗಳೇ ಹೆಚ್ಚು. ಆದರೆ ಮೈಸೂರು, ಬೆಂಗಳೂರು ಎಂಬ ಹೆಸರುಗಳೂ ಅವುಗಳಲ್ಲಿವೆ. ಡರ್ಬನ್ನಿನಲ್ಲಿ ಇಂದು ತಮಿಳರೆಂದೋ ತೆಲುಗರೆಂದೋ ಗುರುತಿಸಿಕೊಳ್ಳುವ ಮನೆತನದ ಒಂದು ಎಳೆ ಕೋಲಾರದ ಕಡೆಯ ಹಳ್ಳಿಯೊಂದಕ್ಕೆ ಬಂದು ಸೇರಿದರೆ ಅಚ್ಚರಿಪಡಬೇಕಿಲ್ಲ.

ಹುಡುಕಾಟವನ್ನು ಭಾರತದಿಂದ ಶುರು ಮಾಡಬಾರದು. ಅವಳ ಸಾವಿನಿಂದ ಶುರು ಮಾಡಬೇಕು. ದಕ್ಷಿಣ ಆಫ್ರಿಕದಲ್ಲಿ ಒಬ್ಬರು ಸತ್ತಾಗ ಆಸ್ತಿ ಇತ್ಯರ್ಥಕ್ಕಾಗಿ ಮರಣ ಸೂಚನೆ ಎಂಬ ಒಂದು ನಮೂನೆಯನ್ನು ಉಚ್ಚ ನ್ಯಾಯಾಲಯದ ಮಾಸ್ಟರ್ ಕಚೇರಿಗೆ ಸಲ್ಲಿಸುವ ಪದ್ಧತಿ ಬೆಳೆದುಬಂದಿದೆ. ಮರಣ ಪ್ರಮಾಣಪತ್ರ ಬೇರೆ, ಇದು ಬೇರೆ. ಪ್ರಮಾಣಪತ್ರದಲ್ಲಿ ಕಾಯಿಲೆಯ ಹೆಸರು, ತಾರೀಖು ಇರುತ್ತದೆ. ಮರಣ ಸೂಚನೆಯಲ್ಲಿ ಒಂದು ಸಂಸಾರವೇ ಇರುತ್ತದೆ. ಸತ್ತವರ ಹುಟ್ಟೂರು, ತಂದೆಯ ಹೆಸರು, ತಾಯಿಯ ಹೆಸರು, ವಯಸ್ಸು, ಕಸುಬು, ಮದುವೆಯಾದವರೋ ವಿಧವೆಯೋ ಎಂಬುದು, ಮೊದಲೇ ತೀರಿಕೊಂಡ ಗಂಡನ ಹೆಸರು, ಸಾವಿನ ಸ್ಥಳ, ಬದುಕಿರುವ ಮಕ್ಕಳ ಹೆಸರು, ಜಮೀನು ಇತ್ತೇ ಇಲ್ಲವೇ, ಉಯಿಲು ಬರೆದಿದ್ದರೇ ಎಂಬುದು, ಕೊನೆಗೆ ಈ ವಿವರ ಕೊಟ್ಟವರು ಯಾರು ಎಂಬ ಸಹಿ ಅಥವಾ ಹೆಬ್ಬೆಟ್ಟು. ಆ ಕೊನೆಯ ಸಹಿಯನ್ನು ಕಡೆಗಣಿಸಬಾರದು. ಮಗ ಕೊಟ್ಟ ವಿವರಕ್ಕೂ ನೆರೆಯವನು ಕೊಟ್ಟ ವಿವರಕ್ಕೂ ತೂಕ ಬೇರೆ. 'ಹುಟ್ಟೂರು: ಇಂಡಿಯಾ', 'ತಂದೆ: ಗೊತ್ತಿಲ್ಲ' ಎಂದಷ್ಟೇ ಬರೆದಿದ್ದರೆ, ಹೇಳಿದವರು ಯಾರೆಂದು ನೋಡಿ ಮುಂದಿನ ಹೆಜ್ಜೆ ಇಡಬೇಕು.

ಈ ಕಡತಗಳ ಸೂಚಿ ದಕ್ಷಿಣ ಆಫ್ರಿಕದ ರಾಷ್ಟ್ರೀಯ ಪತ್ರಾಗಾರದ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಅದರಲ್ಲಿ ನೇಟಾಲ್‌ಗೆ ಎನ್‌ಎಬಿ ಎಂಬ ಗುರುತು, ಮಾಸ್ಟರ್ ಕಚೇರಿಯ ಆಸ್ತಿ ಕಡತಗಳಿಗೆ ಎಂಎಸ್‌ಸಿಇ ಎಂಬ ಗುರುತು, ಭಾರತೀಯ ವಲಸೆ ಇಲಾಖೆಯ ಕಡತಗಳಿಗೆ ಐಐ ಎಂಬ ಗುರುತು. ಗಂಡನ ಆಸ್ತಿ ಕಡತದ ಶೀರ್ಷಿಕೆಯಲ್ಲೇ ಬದುಕುಳಿದ ಸಂಗಾತಿ ಎಂದು ಹೆಂಡತಿಯ ಹೆಸರನ್ನೂ ಸೇರಿಸಿರುವುದುಂಟು. ಹಾಗಾಗಿ ಅವಳ ಹೆಸರನ್ನೇ ಕೊಟ್ಟು ಹುಡುಕಿದರೂ ಅವನ ಕಡತ ತೆರೆದುಕೊಳ್ಳುತ್ತದೆ. ನೇಟಾಲ್‌ನ ರಾಜಧಾನಿಯಾಗಿದ್ದ ಪೀಟರ್‌ಮಾರಿಟ್ಸ್‌ಬರ್ಗ್‌ನ ಹಳೆಯ ಆಸ್ತಿ ಕಡತಗಳ ಚಿತ್ರಗಳು ಫ್ಯಾಮಿಲಿಸರ್ಚ್ ಜಾಲತಾಣದಲ್ಲಿವೆ. ಹೆಸರು ನೋಂದಾಯಿಸಿಕೊಂಡರೆ ಸಾಕು, ಹಣ ಕೊಡಬೇಕಿಲ್ಲ. ತೋಟದ ಕೂಲಿ ಹೆಂಗಸಿಗೆ ಯಾವ ಆಸ್ತಿ, ಯಾವ ಕಡತ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಸರಿಯಾದದ್ದೇ. ಕರಾರಿನ ಅವಧಿಯಲ್ಲೇ ಸತ್ತ ಎಷ್ಟೋ ಜನರಿಗೆ ಮರಣ ಸೂಚನೆ ಇಲ್ಲ. ಆದರೆ ಕರಾರು ಮುಗಿಸಿ ಉಳಿದು, ತರಕಾರಿ ಬೆಳೆದು ಮಾರಿ, ತುಂಡು ಭೂಮಿ ಕೊಂಡ ಹೆಂಗಸರೂ ಇದ್ದರು. ಅವಳಿಗೆ ಕಡತವಿಲ್ಲದಿದ್ದರೆ ಅವಳ ಮಕ್ಕಳಿಗೆ ಇದ್ದೀತು. 1940ರಲ್ಲಿ ಸತ್ತ ಮಗನ ಮರಣ ಸೂಚನೆಯಲ್ಲಿ 'ತಾಯಿ' ಎಂಬ ಜಾಗದಲ್ಲಿ ಅವಳ ಹೆಸರು ಇರಬಹುದು. ಆದ್ದರಿಂದ ಒಬ್ಬ ಮಗನದ್ದಲ್ಲ, ಎಲ್ಲ ಮಕ್ಕಳ ಸೂಚನೆಗಳನ್ನೂ ತೆಗೆಸಿ ತಾಳೆ ನೋಡಬೇಕು. ಹೆಣ್ಣುಮಕ್ಕಳ ಸೂಚನೆಗಳನ್ನು ಬಿಡಲೇಬಾರದು. ತವರಿನ ವಿಷಯ ಉಳಿದಿರುವುದು ಹೆಚ್ಚಾಗಿ ಅವರ ಕಡೆಯೇ.

ಈ ಹಂತದಲ್ಲಿ ನೀವು ಹುಡುಕುತ್ತಿರುವುದು ಒಂದೇ ವಸ್ತುವನ್ನು: ಅವಳ ವಸಾಹತು ಸಂಖ್ಯೆ. ಡರ್ಬನ್ನಿನಲ್ಲಿ ಇಳಿದ ಪ್ರತಿಯೊಬ್ಬರಿಗೂ, ಕೈಗೂಸಿಗೂ ಕೂಡ, ಒಂದು ಸಂಖ್ಯೆ ಕೊಟ್ಟು ದಫ್ತರಿನಲ್ಲಿ ಬರೆಯುತ್ತಿದ್ದರು. ಸಾಯುವವರೆಗೂ ಆ ಸಂಖ್ಯೆ ಅವಳ ಬೆನ್ನಿಗಿತ್ತು. ಕರಾರು ಮುಗಿದ ಬಿಡುಗಡೆ ಪತ್ರ, ಮದುವೆಯ ನೋಂದಣಿ, ಮಕ್ಕಳ ಜನನದ ದಾಖಲೆ, ವಾಪಸು ಪ್ರಯಾಣದ ಅರ್ಜಿ ಎಲ್ಲದರಲ್ಲೂ ಅದನ್ನು ಬರೆಯುವುದು ವಾಡಿಕೆ. ಮನೆಯ ಟ್ರಂಕಿನಲ್ಲಿ ಮಡಚಿಟ್ಟ ಹಳೆಯ ಕಾಗದವೊಂದರ ಮೂಲೆಯಲ್ಲಿ ಐದಾರು ಅಂಕಿಯ ಸಂಖ್ಯೆ ಕಂಡರೆ ಅದನ್ನು ರಸೀದಿ ನಂಬರೆಂದು ತಳ್ಳಿಹಾಕಬೇಡಿ. ಮೂಲ ಹಡಗು ಪಟ್ಟಿಗಳು ಡರ್ಬನ್ ಪತ್ರಾಗಾರದಲ್ಲಿವೆ; ಕ್ವಾಜುಲು-ನೇಟಾಲ್ ವಿಶ್ವವಿದ್ಯಾಲಯದ ವೆಸ್ಟ್‌ವಿಲ್ ಆವರಣದಲ್ಲಿರುವ ಗಾಂಧಿ-ಲುಥುಲಿ ದಾಖಲಾತಿ ಕೇಂದ್ರವೂ ಇದೇ ವಿಷಯಕ್ಕೆ ಮೀಸಲಾದ ಸಂಗ್ರಹ ಇಟ್ಟಿದೆ. ಸುರೇಂದ್ರ ಭಾನಾ ಅವರು 1860ರಿಂದ 1902ರವರೆಗಿನ ನೇಟಾಲ್ ವಲಸಿಗರ ಬಗ್ಗೆ ಬರೆದ ಅಧ್ಯಯನ ನಿಂತಿರುವುದು ಪೂರ್ತಿ ಈ ಪಟ್ಟಿಗಳ ಮೇಲೇ. ಒಂದು ಎಚ್ಚರ: ಉಮ್ಲಾಜಿ, ಉಮ್ಜಿಂಟೊ, ಉಮ್ವೋಟಿ ಮುಂತಾದ ಉಗಿ ಹಡಗುಗಳು ಮತ್ತೆ ಮತ್ತೆ ಓಡಾಡಿದವು. ಆದ್ದರಿಂದ ಹಡಗಿನ ಹೆಸರು ಮಾತ್ರ ಸಾಲದು, ಅದು ಎಷ್ಟನೆಯ ಸಲದ ಪ್ರಯಾಣ ಎಂಬುದೂ ಬೇಕು. ಬಾಯಿಮಾತಿನಲ್ಲಿ 'ಅಜ್ಜಿ ಉಮ್ಲಾಜಿಯಲ್ಲಿ ಬಂದಳು' ಎಂಬುದಷ್ಟೇ ಉಳಿದಿದ್ದರೆ, ಅದರಿಂದ ವರ್ಷ ಸಿಗುವುದಿಲ್ಲ.

ಪಟ್ಟಿಯ ಒಂದು ಸಾಲನ್ನು ಹತ್ತಿರದಿಂದ ಓದುವುದು ಹೇಗೆಂದು ನೋಡೋಣ. ಒಂದು ಸಾಲು ಹೀಗಿದೆ ಎಂದು ಊಹಿಸಿಕೊಳ್ಳಿ: ಸಂಖ್ಯೆ, ಹೆಂಗಸಿನ ಹೆಸರು, ಎದುರಿಗೆ ತಂದೆಯ ಹೆಸರು, ವಯಸ್ಸು 24, ಜಾತಿ, ಜಿಲ್ಲೆ ಮೈಸೂರು, ತಾಲ್ಲೂಕು ಕೋಲಾರ, ಹಳ್ಳಿಯ ಹೆಸರು ಅರೆಬರೆ, ಗುರುತಿಗೆ ಎಡ ಮೊಣಕಾಲಿನ ಕೆಳಗೆ ಗಾಯದ ಕಲೆ. ಅದರ ಕೆಳಗಿನ ಸಂಖ್ಯೆ ನಾಲ್ಕು ವರ್ಷದ ಹುಡುಗ, ಅದರ ಕೆಳಗಿನದು ಒಂದು ವರ್ಷದ ಹೆಣ್ಣುಮಗು. ಒಂದು ಸಂಸಾರದವರಿಗೆ ಸಾಮಾನ್ಯವಾಗಿ ಒಂದರ ಹಿಂದೊಂದು ಸಂಖ್ಯೆ ಬೀಳುತ್ತಿತ್ತು. ಹಾಗಾಗಿ ಅವಳ ಸಾಲಿನ ಹಿಂದಿನ ಐದಾರು, ಮುಂದಿನ ಐದಾರು ಸಾಲುಗಳನ್ನು ಓದದೆ ಪುಟ ಮಡಚಬಾರದು. ಇಲ್ಲಿ ಗಂಡನ ಸಂಖ್ಯೆ ಇಲ್ಲ, ಇಂಥವನ ಹೆಂಡತಿ ಎಂಬ ಟಿಪ್ಪಣಿ ಇಲ್ಲ. ಮಕ್ಕಳಿಬ್ಬರ ತಂದೆಯ ಜಾಗದಲ್ಲಿ ಒಂದೇ ಹೆಸರಿದೆ. ಆ ಹೆಸರೇ ಊರಿನಲ್ಲಿ ಸತ್ತುಹೋದ, ಅಥವಾ ಬಿಟ್ಟುಹೋದ ಗಂಡನದು. ಯಾವ ಹೆಸರನ್ನು ಮೊದಲು ಹುಡುಕಿ ಸಿಗದೆ ಸೋತಿದ್ದಿರೋ ಅದು ಮಕ್ಕಳ ಸಾಲಿನಲ್ಲಿ ಕೂತಿರುತ್ತದೆ. ಅವಳನ್ನು ಹಿಡಿದರೆ ಅವನೂ ಸಿಗುತ್ತಾನೆ. ಅವನನ್ನು ಹಿಡಿದು ಅವಳನ್ನು ಪಡೆಯಲಾಗದು, ಏಕೆಂದರೆ ಅವನು ಹಡಗು ಹತ್ತಿದವನೇ ಅಲ್ಲ. ಇದೇ ಹಳ್ಳಿಯ, ಇದೇ ಹೆಸರಿನ ಗಂಡಸು ಒಂದೆರಡು ವರ್ಷ ಮೊದಲು ಹೋಗಿದ್ದಾನೆಯೇ ಎಂದೂ ನೋಡಬೇಕು. ಹಾಗಿದ್ದರೆ ಅವಳು ವಿಧವೆಯಲ್ಲ, ಗಂಡನನ್ನು ಹುಡುಕಿಕೊಂಡು ಹೋದವಳಿರಬಹುದು.

ಅವಳು ನಿಜಕ್ಕೂ ವಿಧವೆಯೇ ಎಂಬ ಪ್ರಶ್ನೆಯನ್ನು ಇಲ್ಲಿ ಎದುರಿಸಲೇಬೇಕು. ಮನೆಯಲ್ಲಿ ಬಂದ ಮಾತು 'ಅಜ್ಜಿ ಗಂಡ ಸತ್ತು ಒಬ್ಬಳೇ ಬಂದಳಂತೆ' ಎಂದಿರುತ್ತದೆ. ಒಂಟಿಯಾಗಿ ಬಂದ ಹೆಂಗಸಿಗೆ ವಿಧವೆ ಎಂಬ ಹೆಸರು ಮರ್ಯಾದೆಯ ಮುಸುಕಾಗಿತ್ತು. ಹೊಡೆಯುವ ಗಂಡನನ್ನು ಬಿಟ್ಟು ಓಡಿಬಂದವಳಿಗೆ, ಮದುವೆಯಿಲ್ಲದೆ ಬಸುರಾದವಳಿಗೆ ಅದಕ್ಕಿಂತ ಸುರಕ್ಷಿತವಾದ ಉತ್ತರ ಇರಲಿಲ್ಲ. ಇನ್ನೊಂದು ಕಡೆ, ವಸಾಹತು ಅಧಿಕಾರಿಗಳೂ ತೋಟದ ಮಾಲೀಕರೂ ಒಂಟಿ ಹೆಂಗಸರನ್ನೆಲ್ಲ ನಡತೆಗೆಟ್ಟವರೆಂದು ಸಾರಾಸಗಟಾಗಿ ಬರೆದುಬಿಡುತ್ತಿದ್ದರು. ಎರಡೂ ಮಾತುಗಳನ್ನು ಒರೆಗೆ ಹಚ್ಚಬೇಕು. ಬಂಗಾಳದಿಂದ ಹೋಗುತ್ತಿದ್ದ ವಲಸೆಯ ಬಗ್ಗೆ 1883ರಲ್ಲಿ ವರದಿ ಕೊಟ್ಟ ಜಾರ್ಜ್ ಗ್ರಿಯರ್ಸನ್, ಹೀಗೆ ಹೋಗುವ ಹೆಂಗಸರಲ್ಲಿ ವಿಧವೆಯರು, ಗಂಡನಿಂದ ದೂರವಾದವರು ಇದ್ದುದನ್ನು ಗಮನಿಸಿದ್ದರು. ಬಂದರಿನ ಡಿಪೋಗಳಲ್ಲಿ ಹಡಗಿಗೆ ಕಾಯುವಾಗಲೇ ಗಂಡುಹೆಣ್ಣು ಜೋಡಿಯಾಗಿ ಗಂಡಹೆಂಡಿರೆಂದು ಬರೆಸಿಕೊಳ್ಳುವುದೂ ಇತ್ತು. ಡಿಪೋ ಮದುವೆ ಎಂದೇ ಅದಕ್ಕೆ ಹೆಸರು. ಪಟ್ಟಿಯಲ್ಲಿ 'ಹೆಂಡತಿ' ಎಂದಿದ್ದರೂ ಗಂಡನ ಊರು ಒಂದು ಜಿಲ್ಲೆ, ಅವಳ ಊರು ಇನ್ನೊಂದು ಜಿಲ್ಲೆ, ಜಾತಿಯೂ ಬೇರೆ ಎಂದಾದರೆ ಡಿಪೋ ಮದುವೆಯ ಸಂಶಯ ಬರಬೇಕು. ಊರಿನಲ್ಲಿ ವಿಧವೆಯಾಗಿ ಹೊರಟ ಹೆಂಗಸು ಕಾಗದದ ಮೇಲೆ ಸಧವೆಯಾಗಿ ಕಾಣುವುದು ಹೀಗೆ.

ಗಯಾನ ಮೂಲದ ಲೇಖಕಿ ಗಾಯತ್ರಾ ಬಹಾದೂರ್ 2013ರಲ್ಲಿ ಪ್ರಕಟಿಸಿದ 'ಕೂಲಿ ವುಮನ್' ಪುಸ್ತಕ ಈ ಹುಡುಕಾಟದ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಆಕೆಯ ಮುತ್ತಜ್ಜಿ 1903ರಲ್ಲಿ ಬಸುರಿ ಹೆಂಗಸಾಗಿ, ಜೊತೆಗೆ ಗಂಡನಿಲ್ಲದೆ, 'ಕ್ಲೈಡ್' ಹಡಗಿನಲ್ಲಿ ಕಲ್ಕತ್ತ ಬಿಟ್ಟು ಬ್ರಿಟಿಷ್ ಗಯಾನಕ್ಕೆ ಹೋದವಳು. ಹಡಗು, ವರ್ಷ, ವಯಸ್ಸು, ಬಿಹಾರದ ಹಳ್ಳಿ ಇವೆಲ್ಲ ವಲಸೆ ರಹದಾರಿಯಿಂದ ಸಿಕ್ಕವು. ಹಳ್ಳಿಯನ್ನು ಹೋಗಿ ನೋಡುವುದೂ ಸಾಧ್ಯವಾಯಿತು. ಅವಳೇಕೆ ಮನೆ ಬಿಟ್ಟಳು, ಹೊಟ್ಟೆಯಲ್ಲಿದ್ದ ಮಗುವಿನ ತಂದೆ ಯಾರು ಎಂಬುದಕ್ಕೆ ಕಾಗದ ಉತ್ತರ ಕೊಡಲಿಲ್ಲ. ಅದನ್ನು ಊಹೆಯಿಂದ ತುಂಬಿಸದೆ ಪ್ರಶ್ನೆಯಾಗಿಯೇ ಉಳಿಸಿದ್ದು ಆ ಪುಸ್ತಕದ ದೊಡ್ಡ ಗುಣ ಎಂದು ನನ್ನ ಎಣಿಕೆ. ಮನೆಯ ಚರಿತ್ರೆ ಬರೆಯುವವರೂ ಹೀಗೆಯೇ 'ವಿಧವೆ ಎಂದು ಕುಟುಂಬದ ಮಾತು. ದಾಖಲೆಯಲ್ಲಿ ಒಂಟಿ ಹೆಂಗಸು' ಎಂದು ಎರಡನ್ನೂ ಬೇರೆಬೇರೆಯಾಗಿ ಬರೆದಿಡಬೇಕು.

ನೇಟಾಲ್‌ಗೆ ಹೋದ ಮೇಲೆ ವಿಧವೆಯಾದವಳ ಕಾಗದಗಳೇ ಹೆಚ್ಚು ಸಮೃದ್ಧ. ಕರಾರಿನ ಗಂಡಸಿಗೆ ಮೊದಲ ವರ್ಷ ತಿಂಗಳಿಗೆ 10 ಶಿಲಿಂಗ್ ಕೂಲಿ, ಹೆಂಗಸಿಗೆ ಅದರ ಅರ್ಧ, ಪಡಿತರವೂ ಅರ್ಧ. ಗಂಡ ಸತ್ತರೆ ಅವನಿಗೆ ಬರಬೇಕಾದ ಬಾಕಿ ಕೂಲಿಗೆ ಅವಳು ಅರ್ಜಿ ಹಾಕಬೇಕು. ಅದು 1872ರಿಂದ ಭಾರತೀಯ ವಲಸಿಗರ ರಕ್ಷಕ ಎಂಬ ಅಧಿಕಾರಿಯ ಕಚೇರಿಗೆ ಹೋಗುತ್ತಿತ್ತು. ಐಐ ಕಡತಗಳೆಂದರೆ ಈ ಕಚೇರಿಯ ಪತ್ರವ್ಯವಹಾರ: ಬಾಕಿ ಕೂಲಿ, ಹೊಡೆತದ ದೂರು, ತೋಟ ಬದಲಿಸಬೇಕೆಂಬ ಕೋರಿಕೆ, ಊರಿಗೆ ವಾಪಸು ಕಳಿಸಿ ಎಂಬ ಅರ್ಜಿ. ಇಲ್ಲಿ ಹುಡುಕುವಾಗ ಹೆಂಗಸಿನ ಹೆಸರಿಗೇ ಅಂಟಿಕೊಂಡರೆ ಆಗದು. ಗುಮಾಸ್ತ ಅವಳ ಹೆಸರನ್ನು ಹೇಗೆ ಬರೆದನೋ ಏನೋ. ತೋಟದ ಮಾಲೀಕನ ಹೆಸರನ್ನು ಮಾತ್ರ ತಪ್ಪಿಲ್ಲದೆ ಬರೆದಿರುತ್ತಾನೆ. ಹಡಗು ಪಟ್ಟಿಯಲ್ಲಿ ಅವಳು ಯಾವ ಮಾಲೀಕನ ಪಾಲಾದಳೆಂದು ಇರುತ್ತದೆ. ಆ ಹೆಸರು, ಆ ಐದು ವರ್ಷದ ಅವಧಿ, ಗಂಡನ ಸಂಖ್ಯೆ ಇಷ್ಟನ್ನು ಇಟ್ಟುಕೊಂಡು ಕಡತಗಳನ್ನು ತೆಗೆಸಬೇಕು. ಗಂಡನ ಹೆಸರು ಇಲ್ಲಿ ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ಅವಳ ಸಂಖ್ಯೆಯಿಂದ ಶುರುವಾಗಿ ಅವನ ಕಡೆ ಹೋಗಬೇಕೇ ಹೊರತು ಅವನಿಂದ ಶುರು ಮಾಡುವುದಲ್ಲ.

ಅವಳು ಬಂದದ್ದು 1895ರ ಕಾಯಿದೆಯ ನಂತರವಾದರೆ ಇನ್ನೊಂದು ಕಡತದ ರಾಶಿ ತೆರೆದುಕೊಳ್ಳುತ್ತದೆ. ಕರಾರು ಮುಗಿಸಿ ಊರಿಗೂ ಹೋಗದೆ, ಮತ್ತೆ ಕರಾರಿಗೂ ಒಳಪಡದೆ ಉಳಿದವರು ವರ್ಷಕ್ಕೆ 3 ಪೌಂಡ್ ತಲೆಗಂದಾಯ ಕೊಡಬೇಕೆಂದು ಆ ಕಾಯಿದೆ ಹೇಳಿತು. 3 ಪೌಂಡ್ ಎಂದರೆ 60 ಶಿಲಿಂಗ್. ಕರಾರಿನ ಹೆಂಗಸೊಬ್ಬಳ ಮೊದಲ ವರ್ಷದ ಪೂರ್ತಿ ಕೂಲಿ. ಮುಂದೆ 16 ದಾಟಿದ ಗಂಡುಮಕ್ಕಳಿಗೂ 13 ದಾಟಿದ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿದರು. ಬೆಳೆದ ಮಕ್ಕಳಿದ್ದ ವಿಧವೆಯ ಪಾಡೇನೆಂದು ಹೇಳಬೇಕಿಲ್ಲ. 1910ರಲ್ಲಿ ಹೆಂಗಸರಿಗೆ ವಿನಾಯಿತಿ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಸಿಕ್ಕಿತು. 1914ರ ಭಾರತೀಯರ ಪರಿಹಾರ ಕಾಯಿದೆ ತೆರಿಗೆಯನ್ನೇ ತೆಗೆದುಹಾಕಿತು. ಈ ನಡುವಿನ ವರ್ಷಗಳ ಮ್ಯಾಜಿಸ್ಟ್ರೇಟ್ ದಾಖಲೆಗಳಲ್ಲಿ ತೆರಿಗೆ ಕಟ್ಟಲಾಗದ ಹೆಂಗಸರ ಹೆಸರು, ಅವರಿಗೆ ಬಿದ್ದ ಶಿಕ್ಷೆ, ಅವರು ಕೊಟ್ಟ ಕಾರಣ ಹುಡುಕಬೇಕು. ಅಲ್ಲಿ 'ಗಂಡ ಸತ್ತಿದ್ದಾನೆ, ಮೂವರು ಮಕ್ಕಳಿದ್ದಾರೆ' ಎಂಬಂಥ ಒಂದು ವಾಕ್ಯ ಸಿಕ್ಕರೆ ಕುಟುಂಬದ ಮಾತಿಗೆ ಮೊದಲ ಬಾರಿ ತಾರೀಖು ಸಮೇತ ಸಾಕ್ಷಿ ಸಿಕ್ಕಂತೆ.

ಮದುವೆಯ ಕಾನೂನು ಇನ್ನೊಂದು ಸಿಕ್ಕು. 1891ರ 25ನೇ ಕಾಯಿದೆಯಡಿ ಕರಾರು ಭಾರತೀಯರ ಮದುವೆಗಳನ್ನು ರಕ್ಷಕರ ಕಚೇರಿ ನೋಂದಾಯಿಸಿಕೊಳ್ಳುತ್ತಿತ್ತು. ತಾಳಿ ಕಟ್ಟಿ, ಪಂಕ್ತಿಯೂಟ ಹಾಕಿ ಆದ ಮದುವೆ ಕಚೇರಿಯ ಪುಸ್ತಕಕ್ಕೆ ಹತ್ತದಿದ್ದರೆ ಗಂಡನ ಸಾವಿನ ನಂತರ ಅವಳನ್ನು ಹೆಂಡತಿಯೆಂದು ಒಪ್ಪುವುದು ಕಷ್ಟವಾಗುತ್ತಿತ್ತು. 1913ರ ಮಾರ್ಚ್‌ನಲ್ಲಿ ಕೇಪ್ ನ್ಯಾಯಾಲಯದ ನ್ಯಾಯಮೂರ್ತಿ ಸರ್ಲ್ ಕೊಟ್ಟ ತೀರ್ಪು ಭಾರತೀಯ ಪದ್ಧತಿಯ ಮದುವೆಗಳ ಮಾನ್ಯತೆಯನ್ನೇ ಅಲುಗಾಡಿಸಿ, ಗಾಂಧಿಯವರ ಸತ್ಯಾಗ್ರಹಕ್ಕೆ ಹೆಂಗಸರು ಇಳಿಯಲು ಕಾರಣವಾಯಿತು. ಹುಡುಕುವವರು ಇದರಿಂದ ತಿಳಿಯಬೇಕಾದ್ದು, ಮದುವೆಯ ದಾಖಲೆ ಸಿಗಲಿಲ್ಲವೆಂದ ಮಾತ್ರಕ್ಕೆ ಮದುವೆಯೇ ಆಗಿರಲಿಲ್ಲ ಎನ್ನಬಾರದು. ಮರುಮದುವೆಯಾದಾಗ ಗೋಜಲು ಇನ್ನೂ ಹೆಚ್ಚು. ದಕ್ಷಿಣ ಆಫ್ರಿಕದ ಭಾರತೀಯರಲ್ಲಿ ಇಂದು ಮನೆತನದ ಹೆಸರಾಗಿರುವುದು ಎಷ್ಟೋ ವೇಳೆ ಮೊದಲು ಬಂದ ಮುತ್ತಾತನ ಸ್ವಂತ ಹೆಸರು. ವಿಧವೆ ಎರಡನೇ ಮದುವೆಯಾಗಿದ್ದರೆ, ಮೊದಲ ಗಂಡನ ಮಕ್ಕಳಿಗೂ ಶಾಲೆಯಲ್ಲೋ ಚರ್ಚಿನಲ್ಲೋ ಮಲತಂದೆಯ ಹೆಸರೇ ಅಂಟಿಕೊಂಡಿರಬಹುದು. ಈ ಮನೆತನದ ಹೆಸರನ್ನು ಹಿಡಿದು ಹಿಂದಕ್ಕೆ ಹೋದರೆ ರಕ್ತಸಂಬಂಧವೇ ಇಲ್ಲದ ಒಬ್ಬನ ಹಳ್ಳಿಗೆ ಹೋಗಿ ನಿಲ್ಲುತ್ತೀರಿ. ಆ ಅಪಾಯ ತಪ್ಪಿಸುವುದು ತಾಯಿಯ ಸಂಖ್ಯೆಯೊಂದೇ. ಅವಳು ಡರ್ಬನ್ನಿನ ಸೇಂಟ್ ಐಡನ್ಸ್ ಆಂಗ್ಲಿಕನ್ ಮಿಷನ್ ಅಥವಾ ವೆಸ್ಲಿಯನ್ ಮಿಷನ್‌ಗೆ ಸೇರಿದ್ದರೆ ಅಲ್ಲಿನ ದೀಕ್ಷಾಸ್ನಾನ, ಮದುವೆ ಪುಸ್ತಕಗಳನ್ನೂ ನೋಡಬೇಕು. ಜಾಯ್ ಬ್ರೇನ್ ಅವರು ನೇಟಾಲ್‌ನ ಭಾರತೀಯ ಕ್ರೈಸ್ತರ ಬಗ್ಗೆ ಬರೆದ ಪುಸ್ತಕ ಅದಕ್ಕೆ ಒಳ್ಳೆಯ ಪ್ರವೇಶ.

ಮನುಷ್ಯರನ್ನು ಸಂಖ್ಯೆಗಳಾಗಿಸಿದ ದಫ್ತರನ್ನೇ ನಂಬಿ ಅವಳ ಬಾಳನ್ನು ಕಟ್ಟುವುದು ಸರಿಯೇ ಎಂಬುದು ಈ ದಾರಿಗೆ ಬರುವ ಗಂಭೀರ ಆಕ್ಷೇಪ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆ ಸಂಖ್ಯೆ ಅವಳ ಗೌರವಕ್ಕೆಂದು ಕೊಟ್ಟದ್ದಲ್ಲ, ಓಡಿಹೋದರೆ ಹಿಡಿದು ತರಲೆಂದು ಕೊಟ್ಟದ್ದು. ಆದರೆ ಅದಕ್ಕಾಗಿಯೇ ಅದರ ಒಂದು ಭಾಗ ನಂಬಿಕೆಗೆ ಅರ್ಹ. ಮಾಲೀಕನಿಗೆ, ಸರ್ಕಾರಕ್ಕೆ ಲಾಭವಾಗಲೆಂದು ಅಳೆದು ಬರೆದದ್ದನ್ನು, ಅಂದರೆ ಗಾಯದ ಕಲೆ, ಬಂದ ದಿನ, ತೋಟದ ಹೆಸರು, ಕರಾರಿನ ಅವಧಿ, ಕೊಟ್ಟ ಕೂಲಿ ಇವನ್ನು ಬಹುಮಟ್ಟಿಗೆ ಒಪ್ಪಬಹುದು. ತಪ್ಪಿದರೆ ಅವರಿಗೇ ನಷ್ಟ. ಅವರು ತೀರ್ಪಾಗಿ ಬರೆದದ್ದನ್ನು, ನಡತೆ, ಸ್ವಭಾವ, ಊರು ಬಿಟ್ಟ ಕಾರಣ, ಸಾವಿನ ಕಾರಣ ಇವನ್ನು ಸಂಶಯದಿಂದ ಓದಬೇಕು. ವಯಸ್ಸು ಕಣ್ಣಳತೆಯ ಅಂದಾಜು. ಜಾತಿ ಎಂಬುದು ಅವಳು ಹೇಳಿದ್ದೋ, ದಲ್ಲಾಳಿ ಹೇಳಿಸಿದ್ದೋ, ಗುಮಾಸ್ತನ ಊಹೆಯೋ ತಿಳಿಯುವುದಿಲ್ಲ. ಅದರ ಮೇಲೆ ಮನೆತನದ ಅಭಿಮಾನ ಕಟ್ಟಿಕೊಳ್ಳಲು ಹೋಗುವವರಿಗೆ ಆ ಕಲಂ ಏನನ್ನೂ ಕೊಡಲಾರದು.

ಇಷ್ಟೆಲ್ಲ ಆದ ಮೇಲೆ ಭಾರತದ ಕಡೆ ಬರಬೇಕು. ಬರುವಾಗ ಕೈಯಲ್ಲಿ ಅವಳ ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಜಿಲ್ಲೆ, ವರ್ಷ ಇರಬೇಕು. ಜಿಲ್ಲೆಗಳ ಗಡಿ ಆಗ ಬೇರೆ. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೊಸೂರು ಸೇಲಂ ಜಿಲ್ಲೆಯಲ್ಲಿತ್ತು. ಉತ್ತರ ಆರ್ಕಾಟ್ ಎಂದರೆ ಇಂದಿನ ವೆಲ್ಲೂರು, ತಿರುವಣ್ಣಾಮಲೈ, ಚಿತ್ತೂರಿನ ಭಾಗಗಳು. ಪಟ್ಟಿಯಲ್ಲಿ 'ಮೈಸೂರು' ಎಂದಿದ್ದರೆ ಅದು ಜಿಲ್ಲೆಯೋ ಇಡೀ ಸಂಸ್ಥಾನವೋ ಎಂದು ಮೊದಲೇ ತೀರ್ಮಾನಿಸಬಾರದು. ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಬ್ರಿಟಿಷರ ಕಾಗದಗಳಲ್ಲಿ ಹೊಸಕೋಟೆ ಊಸ್ಕೋಟಾ, ಶ್ರೀರಂಗಪಟ್ಟಣ ಸೆರಿಂಗಪಟಂ, ಇಂದಿನ ರಾಮನಗರ ಕ್ಲೋಸ್‌ಪೇಟೆ. ಲಕ್ಷ್ಮಿ ಲಚ್ಮಿಯಾಗಿ, ವೆಂಕಟಮ್ಮ ವೆಂಗಡಮ್ಮಳಾಗಿ ಸಿಗಬಹುದು. ಹಳ್ಳಿಯ ಹೆಸರನ್ನು ಗಟ್ಟಿಯಾಗಿ ಓದಿ, ಹಕಾರ ಬಿಟ್ಟು, ಹಳ್ಳಿ ಎಂಬುದನ್ನು 'ಅಲ್ಲಿ' ಎಂದು, ಪುರ ಎಂಬುದನ್ನು 'ಪೂರ್' ಎಂದು ಬದಲಿಸಿ ನೋಡಬೇಕು. ಬಿ.ಎಲ್. ರೈಸ್ ಅವರ 1897ರ ಮೈಸೂರು ಗೆಜೆಟಿಯರ್ ತಾಲ್ಲೂಕುಗಳ ಪರಿಚಯಕ್ಕೆ ಬೇಕು. ಅವರದೇ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳು ಶಾಸನಗಳನ್ನು ತಾಲ್ಲೂಕುವಾರು, ಹಳ್ಳಿಯ ಹೆಸರಿನೊಂದಿಗೆ ಕೊಡುವುದರಿಂದ, ಅದೇ ಕಾಲದಲ್ಲಿ ಒಂದು ಹಳ್ಳಿಯ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುತ್ತಿದ್ದರು, ಇಂಗ್ಲಿಷಿನಲ್ಲಿ ಹೇಗೆ ಎಂಬುದಕ್ಕೆ ಅವುಗಳಷ್ಟು ಒಳ್ಳೆಯ ಕೈಮರ ಇನ್ನೊಂದಿಲ್ಲ.

ಭಾರತದ ಪತ್ರಾಗಾರಗಳಲ್ಲಿ ಅವಳ ಹೆಸರೇ ಸಿಗುತ್ತದೆಂದು ಆಸೆ ಇಟ್ಟುಕೊಳ್ಳಬಾರದು. ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರ ಮತ್ತು ಅದರ 'ಅಭಿಲೇಖ್ ಪಟಲ್' ಜಾಲತಾಣ, ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇವುಗಳಲ್ಲಿ ವಲಸೆ ಇಲಾಖೆಯ ನಡವಳಿ, ಬರದ ವರದಿ, ದಲ್ಲಾಳಿಗಳ ಮೇಲಿನ ದೂರು, ಸಂಸ್ಥಾನದ ಕಂದಾಯ ಕಡತಗಳು ಸಿಗುತ್ತವೆ. ಅವು ಅವಳ ಕಾಲವನ್ನು ತೋರಿಸುತ್ತವೆ, ಅವಳನ್ನಲ್ಲ. ಹಳ್ಳಿಯ ಮಟ್ಟದಲ್ಲಿ ಹುಡುಕಬೇಕಾದ್ದು ಅವಳ ತಂದೆಯನ್ನು: ಭೂಮಿಯ ದಾಖಲೆ, ಇನಾಮು ಕಾಗದ, ಮನೆದೇವರ ಒಕ್ಕಲಿನ ಪಟ್ಟಿ, ಮನೆತನಗಳ ವಂಶಾವಳಿ ಹೇಳುವ ಹೆಳವರ ಬಾಯಿಯ ಮಾತು. ಹೆಳವರು ಹೆಣ್ಣುಮಕ್ಕಳ ಹೆಸರನ್ನು ಹೇಳದಿದ್ದರೂ ತಂದೆಯ ಸಾಲನ್ನು ಹೇಳಿಯಾರು. ಡಿಎನ್‌ಎ ಪರೀಕ್ಷೆಯ ಬಗ್ಗೆ ಕೇಳುವವರಿಗೆ ಒಂದು ಮಾತು. ಎರಡು ಕುಟುಂಬಗಳು ಹತ್ತಿರದ ನೆಂಟರೇ ಎಂದು ತಿಳಿಯಲು ಅದು ನೆರವಾಗುತ್ತದೆ, ಹಳ್ಳಿ ಹುಡುಕಿಕೊಡುವುದಿಲ್ಲ.

ಅವಳು ಹೋದದ್ದು ಬೇರೆ ವಸಾಹತಿಗಾದರೂ ಹಿಡಿಯಬೇಕಾದ ಎಳೆ ಇದೇ. ಮಾರಿಷಸ್‌ನಲ್ಲಿ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯ ಭಾರತೀಯ ವಲಸೆ ಪತ್ರಾಗಾರಕ್ಕೆ ಹೋಗಬೇಕು. ಫಿಜಿಯಾದರೆ ವಲಸೆ ರಹದಾರಿಯಲ್ಲಿ ಹತ್ತಿರದ ನೆಂಟರ ಹೆಸರು, ಮದುವೆಯಾಗಿದ್ದರೆ ಯಾರೊಂದಿಗೆ ಎಂಬ ಕಲಮುಗಳೇ ಇವೆ. ಸುರಿನಾಮ್‌ಗೆ ಹೋದ 34,304 ಮಂದಿಯ ವಿವರವನ್ನು ನೆದರ್‌ಲೆಂಡ್ಸ್‌ನ ರಾಷ್ಟ್ರೀಯ ಪತ್ರಾಗಾರ ಆನ್‌ಲೈನ್‌ನಲ್ಲಿ ಇಟ್ಟಿದೆ. ನಮ್ಮದೇ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸ್ಥಿತಿ ಬೇರೆ. ಅಲ್ಲಿನ ಐರೋಪ್ಯ ತೋಟಗಾರನ ವಿಧವೆಯನ್ನು ಮದ್ರಾಸ್ ಪ್ರಾಂತದ ಚರ್ಚ್ ದಾಖಲೆ, ಉಯಿಲುಗಳ ಮೂಲಕ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಹುಡುಕಬಹುದು. ಅದೇ ತೋಟದಲ್ಲಿ ಹಣ್ಣು ಬಿಡಿಸಿದ ಘಟ್ಟದ ಕೆಳಗಿನ ಅಥವಾ ಬಯಲುಸೀಮೆಯ ಹೆಂಗಸಿಗೆ ಹಡಗು ಪಟ್ಟಿ ಇಲ್ಲ, ಸಂಖ್ಯೆ ಇಲ್ಲ. ಮೇಸ್ತ್ರಿಯ ಮುಂಗಡ ಪುಸ್ತಕ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಳೆಯ ತೋಟದ ಮನೆಗಳ ಅಟ್ಟದಲ್ಲಿ ಅಂಥ ಚೆಕ್‌ರೋಲು, ಮುಂಗಡದ ಪುಸ್ತಕ ಇದ್ದವರು ದಯವಿಟ್ಟು ರದ್ದಿಗೆ ಹಾಕಬೇಡಿ, ಪತ್ರಾಗಾರಕ್ಕೆ ಕೊಡಿ.

ಡರ್ಬನ್ನಿನಿಂದ ಯಾರಾದರೂ ಒಂದು ಸಂಖ್ಯೆ, ತಂದೆಯೊಬ್ಬನ ಹೆಸರು, ಅರ್ಥವಾಗದಂತೆ ಬರೆದ ಹಳ್ಳಿಯ ಹೆಸರು ಹಿಡಿದು ನಿಮ್ಮ ತಾಲ್ಲೂಕಿಗೆ ಬಂದರೆ, ಅಥವಾ ಮಿಂಚಂಚೆ ಬರೆದರೆ, ಜಾತಿ ಕೇಳಿ ಕಳಿಸಬೇಡಿ. ಆ ಹೆಸರನ್ನು ಊರಿನ ಹಿರಿಯರ ಮುಂದೆ ಗಟ್ಟಿಯಾಗಿ ಓದಿಸಿ. ಸುತ್ತಲಿನ ಬೇಚರಾಕ್, ಅಂದರೆ ಜನವಸತಿ ಇಲ್ಲದ, ಹಳ್ಳಿಗಳ ಹೆಸರನ್ನೂ ಕೇಳಿ ನೋಡಿ, ಧಾತು ಈಶ್ವರ ಬರದಲ್ಲಿ ಬರಿದಾದ ಹಳ್ಳಿಯೂ ಅದಾಗಿರಬಹುದು. ಪೀಟರ್‌ಮಾರಿಟ್ಸ್‌ಬರ್ಗ್‌ನ ಯಾವ ಪತ್ರಾಗಾರಪಾಲಕನಿಗೂ ಈ ಕೆಲಸ ಆಗದು. ಆ ಊರಿನ ಹೆಸರನ್ನು ಗುರುತಿಸಬಲ್ಲವರು ಇಲ್ಲಿಯವರೇ.